ಕಲ್ಲಿನ ತಾಟಿಗೆ ಬಂದ ಸಹಾಯಧನ

ಎರಡು ಜೋಳದ ರೊಟ್ಟಿಯಿಂದ ಅಕ್ಕನ ಶೆಡ್ಡಿಗೆ ಸರ್ಕಾರದ ಸಹಾಯಧನ ಬಂತು ಎಂದರೆ ಯಾರೂ ನಂಬುವುದಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ. ಆದರೆ ಆ ರೊಟ್ಟಿ ಬಡಿದವಳು ನಾನೇ. ಅದಕ್ಕೂ ಮೊದಲು ಎರಡು ವರ್ಷ ಇಂಥದೇ ಸಹಾಯಧನಕ್ಕಾಗಿ ಅರ್ಜಿ ಬರೆದು ಬರೆದು ಕೈ ಸೋತವಳೂ ನಾನೇ. ಸೇಡಂನ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಅರ್ಜಿ ಹೇಗಿರಬೇಕು ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದು ತೋರಿಸುತ್ತೇನೆ. ಅಂಥವಳ ಅರ್ಜಿಯನ್ನು ತಿರುಗಿಯೂ ನೋಡದ ಸರ್ಕಾರ ಅವಳ ರೊಟ್ಟಿಗೆ ಮರುಳಾಯಿತಲ್ಲ ಎಂದು ನನಗೆ ಇವತ್ತಿಗೂ ಸ್ವಲ್ಪ ಹೊಟ್ಟೆಕಿಚ್ಚು.

ಅಕ್ಕನದು ವಾಡಿಯಿಂದ ಶಹಾಬಾದಿನ ಕಡೆಗೆ ಹೋಗುವ ರಸ್ತೆಯ ಪಕ್ಕ ಒಂದು ತಗಡಿನ ಶೆಡ್ಡು. ನೆಲಕ್ಕೆ ಹಾಸುವ ಫರ್ಸಿ ಕಲ್ಲನ್ನು ಅಳತೆಗೆ ಕೊಯ್ದು, ಉಜ್ಜಿ, ನುಣುಪು ಮಾಡಿ ಕೊಡುವ ಕೆಲಸ. ಭಾವ ಲಾರಿಯ ಜೊತೆ ಓಡಾಡುತ್ತಾರೆ. ಶೆಡ್ಡಿನ ಕಾರಭಾರವೆಲ್ಲ ಅಕ್ಕನದು. ಆರು ಜನ ಕೆಲಸದವರು, ಒಂದು ಪಾಲಿಶ್ ಮಷೀನು. ಆ ಮಷೀನಿಗೆ ವಯಸ್ಸಾಗಿತ್ತು. ದಿನಕ್ಕೆರಡು ಸಲ ನಿಲ್ಲುತ್ತಿತ್ತು, ಅಕ್ಕ ಬೈದ ಮೇಲೆ ಮತ್ತೆ ಹೊರಡುತ್ತಿತ್ತು. ಬರುವ ಮಳೆಗಾಲ ದಾಟಿದರೆ ಹೆಚ್ಚು ಎಂದು ರಿಪೇರಿಯವನು ಪ್ರತಿ ವರ್ಷ ಹೇಳಿ ಕೈ ತೊಳೆದುಕೊಳ್ಳುತ್ತಿದ್ದ. ಮನೆ ಕಟ್ಟುವವರೆಲ್ಲ ಟೈಲ್ಸಿಗೆ ಮಾರುಹೋದ ಈ ಕಾಲದಲ್ಲಿ ಸ್ವಂತ ದುಡ್ಡಿನಿಂದ ಹೊಸ ಮಷೀನು ತರುವುದು ಆಗದ ಮಾತು. ಸಣ್ಣ ಪಾಲಿಶ್ ಘಟಕಗಳಿಗೆ ಮಷೀನು ಕೊಳ್ಳಲು ಸರ್ಕಾರ ಸಹಾಯಧನ ಕೊಡುತ್ತದೆ ಎಂದು ಗೊತ್ತಾದ ದಿನ ಅಕ್ಕ ನನಗೆ ಫೋನು ಮಾಡಿದಳು.

"ಅದು ಬಂದ್ರ ಶೆಡ್ಡು ಉಳೀತದ. ಬರಲಿಲ್ಲಂದ್ರ ಬಾಗಲಿಗಿ ಕೀಲಿ ಹಾಕಿ, ನಾನೂ ನಮ್ಮ ಆರು ಮಂದೀನೂ ಶಹಾಬಾದಕ್ಕ ಹೋಗಿ ಬ್ಯಾರೆದೋರ ಮಷೀನ್ ಮುಂದ ಕೂಲಿಗಿ ನಿಂದ್ರಬೇಕು. ನೀ ಛಂದಗೆ ಒಂದು ಅರ್ಜಿ ಬರದು ಕೊಡು."

ಛಂದಗೆ ಬರೆದುಕೊಟ್ಟೆ. ಅದೇ ದಿನ ಪಕ್ಕದ ಶೆಡ್ಡಿನ ಕಾಕಾನಿಗೂ ಒಂದು ಬರೆದುಕೊಟ್ಟೆ. ಕಾಕಾ ನಮ್ಮ ರಕ್ತಸಂಬಂಧಿಯಲ್ಲ. ಆದರೆ ಎರಡು ಶೆಡ್ಡುಗಳ ನಡುವೆ ಒಂದೇ ಗೋಡೆ, ಒಂದೇ ನೀರಿನ ಟಾಕಿ. ಅಕ್ಕನಿಗೆ ಪಾಲಿಶ್ ಕೆಲಸ ಕಲಿಸಿದವರೂ ಅವರೇ. ಕಣ್ಣು ಮುಚ್ಚಿ ಕಲ್ಲಿನ ಮೇಲೆ ಅಂಗೈ ಆಡಿಸಿ, ಇದಕ್ಕೆ ಇನ್ನೂ ಎಷ್ಟು ಹೊತ್ತು ಉಜ್ಜುವುದಿದೆ ಎಂದು ಹೇಳುವವರು ಆ ರಸ್ತೆಯಲ್ಲಿ ಅವರೊಬ್ಬರೇ. ಅವರ ಮಷೀನು ಅಕ್ಕನದಕ್ಕಿಂತ ಹಳೆಯದು. ಕಲಬುರಗಿಯ ಕಚೇರಿಯ ಕಿಟಕಿಯಲ್ಲಿ ಅರ್ಜಿ ಕೊಡುವಾಗ ಹಿರಿಯರು ಮೊದಲಾಗಲಿ ಎಂದು ಅಕ್ಕ ಹಿಂದೆ ಸರಿದಿದ್ದಳು. ಹಾಗಾಗಿ ಅವರ ನಂಬರು ಮುಂದೆ, ಅಕ್ಕನದು ಅದರ ಹಿಂದೆ.

ಆಮೇಲೆ ಎರಡು ವರ್ಷ 'ಪರಿಶೀಲನೆಯಲ್ಲಿದೆ.' ಈ ಒಂದು ಪದವನ್ನು ನಾನು ನಾನಾ ಬಗೆಯ ಧ್ವನಿಗಳಲ್ಲಿ ಕೇಳಿದ್ದೇನೆ. ಒಬ್ಬ ಗುಮಾಸ್ತರು ಅದನ್ನು ಆಕಳಿಸುತ್ತ ಹೇಳುತ್ತಿದ್ದರು, ಇನ್ನೊಬ್ಬರು ಬಹಳ ಪ್ರೀತಿಯಿಂದ, ನಮಗೆ ಏನೋ ಕೊಟ್ಟು ಕಳಿಸುವವರ ಹಾಗೆ. ನಾನು ಪ್ರತಿ ಸಲ ಹೊಸ ಜ್ಞಾಪನಾ ಪತ್ರ ಬರೆದೆ. ಮೊದಮೊದಲು 'ತಮ್ಮಲ್ಲಿ ಸವಿನಯ ಪ್ರಾರ್ಥನೆ' ಎಂದು ಶುರುವಾಗುತ್ತಿದ್ದ ಪತ್ರಗಳು ಬರುಬರುತ್ತ ಪ್ರಾರ್ಥನೆ ಬಿಟ್ಟವು, ಆಮೇಲೆ ವಿನಯವನ್ನೂ ಬಿಟ್ಟವು. ಏನೂ ವ್ಯತ್ಯಾಸವಾಗಲಿಲ್ಲ.

ಆಗ ನನಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನೆನಪಾದ. ಈಗ ಒಂದು ಟಿವಿ ಚಾನೆಲ್ಲಿನ ವರದಿಗಾರ. ಚಿತ್ತಾಪುರ, ಸೇಡಂ, ಚಿಂಚೋಳಿ ಮೂರೂ ತಾಲ್ಲೂಕು ಅವನ ಸುಪರ್ದಿಗೆ. ನನ್ನ ತರಗತಿಯಲ್ಲಿ ಪ್ರಬಂಧ ಬರೆಯೆಂದರೆ ನಾಲ್ಕು ಸಾಲಿಗೆ ಉಸ್ಸೆನ್ನುತ್ತಿದ್ದವನು ಈಗ ದಿನಕ್ಕೆ ನಾಲ್ಕು ಸುದ್ದಿ ಕಳಿಸುತ್ತಾನೆ. ಫೋನು ಮಾಡಿ, ಪಾಲಿಶ್ ಶೆಡ್ಡುಗಳ ಫೈಲು ಎರಡು ವರ್ಷದಿಂದ ಕೂತಿದೆ, ಬಂದು ತೋರಿಸು ಎಂದೆ. "ಬರ್ತೀನ್ರಿ ಟೀಚರ್" ಎಂದ. ಒಂದು ಭಾನುವಾರ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಬಂದೇ ಬಿಟ್ಟ.

ಬಂದದ್ದು ಮಧ್ಯಾಹ್ನ ಒಂದೂವರೆಗೆ. ತಪ್ಪಾದದ್ದೇ ಅಲ್ಲಿ.

ನಮ್ಮ ಕಡೆ ಊಟದ ಹೊತ್ತಿಗೆ ಬಂದವರನ್ನು ಉಣ್ಣಿಸದೆ ಮಾತಾಡಿಸುವುದಿಲ್ಲ. ಅವನು ಮೈಕು ತೆಗೆದ, ಅಕ್ಕ ಅದನ್ನು ಅವನ ಕೈಯಿಂದ ಇಸಿದುಕೊಂಡು ಕಿಟಕಿಯಲ್ಲಿಟ್ಟಳು.

"ಮೊದಲ ಕೈ ತೊಳೀರಿ. ಉಂಡ ಮ್ಯಾಲ ಎಷ್ಟರ ಮಾತಾಡ್ರಿ."

"ಅಕ್ಕಾರ, ಬೆಳಕು ಹೋಗ್ತದ್ರಿ."

"ಬೆಳಕು ಎಲ್ಲಿಗಿ ಹೋಗ್ತದ, ಇನ್ನಾ ಮಧ್ಯಾನ್ಹದಾಗ ಅದ. ಕುಂದರ್ರಿ."

ನಾನು ಸೇಡಂನಿಂದ ತಂದಿದ್ದ ರೊಟ್ಟಿಯ ಗಂಟು ಬಿಚ್ಚಿದೆ. ಎಲ್ಲರೂ ತಮ್ಮ ತಮ್ಮ ಕಲ್ಲು ತಂದುಕೊಂಡು ಕೂತರು. ಇದನ್ನು ಸ್ವಲ್ಪ ವಿವರಿಸಬೇಕು. ಫರ್ಸಿ ಕೊಯ್ದಾಗ ಅಂಚಿನ ತುಂಡುಗಳು ಉಳಿಯುತ್ತವೆ. ಕೆಲಸದವರು ಅಂಥ ಒಂದೊಂದು ತುಂಡನ್ನು ಕನ್ನಡಿಯಷ್ಟು ನುಣ್ಣಗೆ ಉಜ್ಜಿಟ್ಟುಕೊಂಡು, ತೊಳೆದು, ಅದರ ಮೇಲೇ ರೊಟ್ಟಿ, ಹುಳಿ ಸೊಪ್ಪಿನ ಪುಂಡಿಪಲ್ಯ, ಹಿಂಡಿ ಎನ್ನುವ ಚಟ್ನಿಪುಡಿ ಹಾಕಿಕೊಂಡು ಉಣ್ಣುತ್ತಾರೆ. ಮನೆಯಿಂದ ತಾಟು ತಂದರೆ ಕಲ್ಲುಪುಡಿಯ ಕೆಸರಿನಲ್ಲಿ ಕಾಣೆಯಾಗುತ್ತದೆ. ಕಲ್ಲನ್ನು ಯಾರೂ ಒಯ್ಯುವುದಿಲ್ಲ. ಆ ರಸ್ತೆಯ ಎಲ್ಲ ಶೆಡ್ಡುಗಳಲ್ಲೂ ನಡೆದು ಬಂದ ರೂಢಿ ಅದು. ನಾನು ಎಷ್ಟೋ ಸಲ ಹಾಗೆ ಉಂಡಿದ್ದೇನೆ. ನನ್ನ ವಿದ್ಯಾರ್ಥಿ ಉಂಡಿರಲಿಲ್ಲ. ಅವನ ಮುಂದೆ ಅಕ್ಕ ಒಂದು ಹಸಿರು ಛಾಯೆಯ ಕಲ್ಲಿಟ್ಟು, ಎರಡು ರೊಟ್ಟಿ ಹಾಕಿ, ಮೇಲೆ ಒಂದು ಹಿಡಿ ಪುಂಡಿಪಲ್ಯ ಬಡಿಸಿದಳು. ಅವನು ಊಟ ಬಿಟ್ಟು ಕ್ಯಾಮೆರಾ ಎತ್ತಿಕೊಂಡ.

ಉಂಡ ಮೇಲೆ ಅಕ್ಕ ಫೈಲಿನ ಕತೆಯನ್ನು ಪೂರ್ತಿ ಹೇಳಿದಳು. ಕಾಕಾ ಕೂಡ ತಲೆಯ ಟೋಪಿ ಸರಿಮಾಡಿಕೊಂಡು ಎರಡು ಮಾತು ಹೇಳಿದರು. ಅವನು ಎಲ್ಲವನ್ನೂ ಚಿತ್ರೀಕರಿಸಿಕೊಂಡ. ನಾನು ಹಿಗ್ಗಿನಿಂದ ಸೇಡಂಗೆ ಬಂದು, ಮರುದಿನ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಸಂಜೆಯ ಸುದ್ದಿ ನೋಡಿ ಎಂದು ಡಂಗುರ ಹೊಡೆದೆ.

ಸುದ್ದಿ ಬಂತು. ಫೈಲು ಇರಲಿಲ್ಲ. ಕಾಕಾ ಇರಲಿಲ್ಲ. ಪರದೆಯ ತುಂಬ ರೊಟ್ಟಿ. 'ತಾಟಿಗೆ ಬೈ, ಕಲ್ಲಿಗೆ ಜೈ! ಕಲ್ಲಿನ ತಾಟಿನ ಹೊಸ ಉದ್ಯಮ ಕಟ್ಟಿದ ದಿಟ್ಟ ಮಹಿಳೆ' ಎಂದು ಕೆಳಗೆ ಕೆಂಪು ಅಕ್ಷರ ಓಡುತ್ತಿತ್ತು. ಹಿಂದೆ ಡೊಳ್ಳಿನ ಸದ್ದು. ಅಕ್ಕ ಪಲ್ಯ ಬಡಿಸುವುದನ್ನು ಮೂರು ಸಲ ತೋರಿಸಿದರು, ಮೂರನೆಯ ಸಲ ನಿಧಾನಗತಿಯಲ್ಲಿ. ನನ್ನ ತಲೆಗೆ ರಕ್ತವೇರಿತು. ಆಗಲೇ ಫೋನು ಮಾಡಿದೆ.

"ಏನೋ ಇದು? ನಾ ಹೇಳಿದ್ದೇನು, ನೀ ಮಾಡಿದ್ದೇನು? ಆಕಿ ಮಾತೆಲ್ಲ ಯಾಕ ಕತ್ತರಿಸಿದಿ?"

"ಟೀಚರ್, ಫೈಲ್ ತೋರಿಸಿದ್ರ ಮಂದಿ ಚಾನೆಲ್ ತಿರುಗಸ್ತಾರ್ರಿ. ರೊಟ್ಟಿ ತೋರಿಸಿದ್ರ ನಿಂತು ನೋಡ್ತಾರ. ನೀವು ಒಂದು ವಾರ ತಡೀರಿ."

ಒಬ್ಬರ ಮಾತನ್ನು ಅರ್ಧಕ್ಕೆ ಕತ್ತರಿಸುವುದು ಸುಳ್ಳು ಹೇಳಿದಷ್ಟೇ ಕೆಟ್ಟದ್ದು ಎಂದು ನಾನು ಅವನಿಗೆ ಹತ್ತು ನಿಮಿಷ ಪಾಠ ಮಾಡಿದೆ. ಅವನು ಹಿಂದಿನ ಬೆಂಚಿನಲ್ಲಿ ಕೂತಾಗ ಕೇಳಿದಷ್ಟೇ ಶ್ರದ್ಧೆಯಿಂದ ಕೇಳಿದ.

ಆದರೆ ವಾರ ಬೇಕಾಗಲಿಲ್ಲ. ಮೂರನೇ ದಿನಕ್ಕೆ ಆ ತುಣುಕು ಎಲ್ಲರ ಮೊಬೈಲಿನಲ್ಲಿತ್ತು. ಶೆಡ್ಡಿನ ಮುಂದೆ ಕಾರುಗಳು ನಿಲ್ಲತೊಡಗಿದವು. ಜನ ಬಂದು ಕಲ್ಲಿನ ಜೊತೆ ಫೋಟೋ ತೆಗೆಸಿಕೊಂಡರು, ಕೆಲವರು ಬುತ್ತಿ ಕಟ್ಟಿಕೊಂಡೇ ಬಂದರು. ಐನಾಪುರದ ಒಬ್ಬ ಹಿರಿಯರು ಮಗಳ ಮದುವೆಗೆ ನಾಲ್ಕುನೂರು ಕಲ್ಲಿನ ತಾಟು ಬೇಕೆಂದು ಬಂದು ಕೂತರು. ಒಂದನ್ನು ಎತ್ತಿ ನೋಡಿ ಎಂದು ಅಕ್ಕ ಅವರ ಕೈಗೆ ಕೊಟ್ಟಳು. ಅವರು ಎತ್ತಿದರು, ಸೊಂಟ ಹಿಡಿದುಕೊಂಡರು, ಬಾಳೆ ಎಲೆಯೇ ಸಾಕು ಎಂದು ಹೊರಟುಹೋದರು. ಚಿಮ್ಮನಚೋಡದಿಂದ ಒಂದು ಟೆಂಪೋ ತುಂಬ ಹೆಂಗಸರು ಬಂದು, ಇಷ್ಟೇನಾ ಎಂದು ಮುಖಕ್ಕೆ ಹೊಡೆದ ಹಾಗೆ ಕೇಳಿ, ಆದರೂ ಉಂಡೇ ಹೋದರು. ನಾನು ಭಾನುವಾರ ಭಾನುವಾರ ರೊಟ್ಟಿ ಬಡಿದೂ ಬಡಿದೂ ನನ್ನ ಅಂಗೈಯೂ ಕಾಕಾನ ಅಂಗೈಯಷ್ಟು ಗಟ್ಟಿಯಾಯಿತು.

ಇದನ್ನೆಲ್ಲ ನೋಡಿ ಉಳಿದವರು ಸುಮ್ಮನಿರುತ್ತಾರೆಯೇ? ಶಹಾಬಾದಿನಲ್ಲಿ ಒಬ್ಬರು ಕಲ್ಲಿನ ಜೋಕಾಲಿ ಮಾಡಿ ಕೂತು ತೋರಿಸಲು ಹೋಗಿ, ಹಗ್ಗ ಹರಿದು, ಒಂದು ವಾರ ಕೂರಲಾಗದೆ ನಿಂತೇ ವ್ಯಾಪಾರ ಮಾಡಿದರು. ನಮ್ಮ ಸೇಡಂನ ಒಬ್ಬ ಬೇಳೆ ಮಿಲ್ಲಿನವರು ತೊಗರಿಬೇಳೆಯ ರಾಶಿಯಲ್ಲಿ ಕುತ್ತಿಗೆವರೆಗೆ ಹೂತುಕೊಂಡು, ಸರ್ಕಾರ ನಮ್ಮ ಕಡೆ ನೋಡಲಿ ಎಂದು ವಿಡಿಯೋ ಮಾಡಿಸಿದರು. ನೋಡಿದ್ದು ಸರ್ಕಾರವಲ್ಲ, ಅವರ ಹೆಂಡತಿ. ಮಿಲ್ಲಿಗೆ ಬಂದು ಎಲ್ಲರೆದುರು ಜಾಡಿಸಿದರಂತೆ. ನಾನು ಬಸ್ಸಿನಲ್ಲಿ ಇದನ್ನೆಲ್ಲ ನೆನೆಸಿಕೊಂಡು ಒಬ್ಬಳೇ ನಗುತ್ತಿದ್ದೆ. ಪಕ್ಕದವರು ಸರಿದು ಕೂರುತ್ತಿದ್ದರು.

ಆ ಗಲಾಟೆಯ ನಡುವೆ ಒಂದು ದಿನ ಕಚೇರಿಯ ಜೀಪು ಬಂತು. ಎರಡು ವರ್ಷ ನಾವು ಹೋದಾಗಲೆಲ್ಲ ಮೀಟಿಂಗಿನಲ್ಲಿದ್ದ ಸಾಹೇಬರೇ ಖುದ್ದಾಗಿ ಇಳಿದರು. ಆ ದಿನ ಶಾಲೆಗೆ ರಜೆ, ನಾನೂ ಅಲ್ಲಿದ್ದೆ.

"ಕಲ್ಲಿನ ತಾಟಿನ ಘಟಕ ಎಲ್ಲಿ ಅದ್ರಿ?" ಎಂದರು ಸಾಹೇಬರು, ಘಟಕದ ನಡುವೆ ನಿಂತು.

ಅಕ್ಕ ಬಾಯಿ ತೆರೆದಳು. ಅವಳು ಸತ್ಯ ಹೇಳುತ್ತಾಳೆಂದು ನನಗೆ ಗೊತ್ತು, ಅದು ಅವಳ ಹುಟ್ಟುಗುಣ. ಅವಳ ಕಾಲು ತುಳಿದೆ. ಅವಳು ನನ್ನನ್ನು ದುರುಗುಟ್ಟಿ ನೋಡುವಷ್ಟರಲ್ಲಿ ಸಾಹೇಬರು ಪೆನ್ನು ತೆಗೆದಾಗಿತ್ತು.

"ದಿನಕ್ಕ ಎಷ್ಟು ತಾಟು ಮಾಡ್ತೀರಿ?"

"ಉಣ್ಣೋ ಮಂದಿ ಎಷ್ಟದಾರೋ ಅಷ್ಟೇ ಅವ ನೋಡ್ರಿ."

'ಬೇಡಿಕೆಗೆ ಅನುಗುಣವಾಗಿ' ಎಂದು ಬರೆದುಕೊಂಡರು. "ಒಡೀತಾವೇನು?"

"ಇಷ್ಟು ವರ್ಷದಾಗ ಒಂದೂ ಒಡದಿಲ್ರಿ."

'ದೀರ್ಘ ಬಾಳಿಕೆ' ಎಂದು ಬರೆದುಕೊಂಡರು. ಹೊಸ ಉತ್ಪನ್ನ ಮಾಡುವವರಿಗೆ ಬೇರೆಯೇ ಒಂದು ಸಹಾಯಧನ ಇದೆಯಂತೆ. ಮೇಲಿನವರು ಟಿವಿ ನೋಡಿ, ಆ ಹೆಣ್ಣುಮಗಳಿಗೆ ನಾವೇನು ಕೊಟ್ಟಿದ್ದೇವೆ ಎಂದು ಕೇಳಿದ್ದಾರಂತೆ. ಏನೂ ಕೊಟ್ಟಿಲ್ಲ ಎಂದು ಹೇಳುವ ಧೈರ್ಯ ಕಚೇರಿಯಲ್ಲಿ ಯಾರಿಗೂ ಇರಲಿಲ್ಲ. ಅದಕ್ಕೇ ಅರ್ಜಿಯ ನಮೂನೆಯನ್ನು ಸಾಹೇಬರೇ ತಂದಿದ್ದರು, ತಾವೇ ತುಂಬಿದರು, ಅಕ್ಕ ಸಹಿ ಮಾಡಬೇಕಾದ ಕಡೆ ಪೆನ್ಸಿಲ್ಲಿನಿಂದ ಗುರುತನ್ನೂ ಹಾಕಿಟ್ಟಿದ್ದರು. ಯಾವ ಮಷೀನು ಬೇಕು ಎಂಬಲ್ಲಿ ಬರೆದದ್ದು ಅದೇ ಪಾಲಿಶ್ ಮಷೀನು. ಎರಡು ವರ್ಷ ಕೇಳಿದ್ದೂ ಅದನ್ನೇ.

ಅಕ್ಕ ಪೆನ್ನು ಹಿಡಿದು ನಿಂತಳು. "ಸಾಹೇಬ್ರ, ನಮ್ಮ ಕಾಕಾಂದೂ ಒಂದು ಫೈಲ್ ಅದ. ನನ್ನಕಿಂತ ಮುಂದಿನ ನಂಬರ. ಅದನ್ನೂ ಇದರ ಜೋಡಿ ಮಾಡ್ರಿ."

ಸಾಹೇಬರು ಕಾಕಾನನ್ನು ಮೇಲಿಂದ ಕೆಳಗೆ ನೋಡಿದರು. "ಇವರು ಟಿವಿಯಾಗ ಬಂದಾರೇನು?"

"ಇಲ್ರಿ," ಎಂದರು ಕಾಕಾ ತಾವೇ, ದೊಡ್ಡ ತಪ್ಪು ಒಪ್ಪಿಕೊಳ್ಳುವವರ ಹಾಗೆ. ಆಮೇಲೆ ಅಕ್ಕನಿಗೆ ಮೆಲ್ಲಗೆ ಹೇಳಿದರು, "ಸಹಿ ಮಾಡವ್ವ. ಒಬ್ಬರದರ ಮಷೀನ್ ಬರ್ಲಿ. ನಂದು ಹಿಂದಿಂದ ಬರ್ತದ."

ಕಾಕಾನದನ್ನೂ ತರಿಸುವ ಹುರುಪಿನಲ್ಲಿ ನಾನು ಅವರದೊಂದು ವಿಡಿಯೋ ಮಾಡಿದೆ. ಕಣ್ಣು ಮುಚ್ಚಿ ಅಂಗೈಯಿಂದ ಕಲ್ಲು ಓದುವುದನ್ನು ತೋರಿಸಿದರು. ಎದುರಿಗೆ ನಿಂತು ನೋಡಿದರೆ ರೋಮಾಂಚನ. ಮೊಬೈಲಿನಲ್ಲಿ ನೋಡಿದರೆ ಒಬ್ಬ ಮುದುಕರು ಕಲ್ಲು ಸವರುತ್ತ ಕೂತಿದ್ದಾರೆ. ನಲವತ್ತು ಜನ ನೋಡಿದರು, ಅದರಲ್ಲಿ ಅರ್ಧ ನಾನೇ. "ಕಾಕಾ, ಏನರ ತಿಂದು ತೋರಸ್ರಿ" ಎಂದಳು ಅಕ್ಕ. "ಹಲ್ಲಿಲ್ಲವ್ವ" ಎಂದು ಬಾಯಿ ತೆರೆದು ತೋರಿಸಿದರು. ನಾವು ಮೂವರೂ ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆವು.

ಅಕ್ಕನ ಫೈಲು ಮಾತ್ರ ಕುದುರೆಯೇರಿತ್ತು. ತಿಂಗಳು ತುಂಬುವುದರೊಳಗೆ ಮಂಜೂರಾತಿ ಪತ್ರ ಕೊಡುವ ಸಮಾರಂಭ ಚಿತ್ತಾಪುರದಲ್ಲಿ ಇಟ್ಟರು. ಗಣ್ಯರಿಗೆ ಕಲ್ಲಿನ ತಾಟನ್ನೇ ಕಾಣಿಕೆ ಕೊಡಬೇಕೆಂದು ಕಚೇರಿಯ ಅಪ್ಪಣೆ. ಅದನ್ನು ಹೊತ್ತು ವೇದಿಕೆ ಹತ್ತಲು ಕಾಕಾ ಬಂದರು, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು. ಗಣ್ಯರು ನಗುತ್ತ ಒಂದೇ ಕೈ ಚಾಚಿದರು. ತಾಟು ಕೈಗೆ ಬಂದದ್ದೇ ಅವರ ನಗೆಯೂ ಕೈಯೂ ಒಟ್ಟಿಗೆ ಕೆಳಗಿಳಿದವು. ಇಬ್ಬರು ಓಡಿಬಂದು ಹಿಡಿದರು. ಸಭೆ ಚಪ್ಪಾಳೆ ತಟ್ಟಿತು. ನಾನು ಸೆರಗನ್ನು ಬಾಯಿಗೆ ತುರುಕಿಕೊಂಡೆ.

ಪತ್ರ ಅಕ್ಕನ ಕೈಗೆ ಬಂದ ಮೇಲೆ ನನ್ನ ವಿದ್ಯಾರ್ಥಿ ಮೈಕು ಹಿಡಿದ. "ಹ್ಯಾಂಗನಸ್ತದ್ರಿ ಅಕ್ಕಾರ?"

"ಭಾಳ ಖುಷಿ ಆಗ್ಯಾದ್ರಿ," ಎಂದಳು ಅಕ್ಕ. ಅಷ್ಟಕ್ಕೆ ನಿಲ್ಲಿಸಿದ್ದರೆ ಅವಳು ನನ್ನ ಅಕ್ಕನೇ ಅಲ್ಲ. ಕಾಕಾನ ತೋಳು ಹಿಡಿದು ಮುಂದೆ ಎಳೆದಳು. "ಆದ್ರ ಒಂದು ಮಾತು ಹೇಳ್ತೀನಿ. ನಾವು ತಾಟು ಮಾಡೋರಲ್ಲ, ಫರ್ಸಿ ಮಾಡೋರು. ತಾಟು ನಮ್ಮ ರೊಟ್ಟಿ ಉಣ್ಣಾಕ. ಈ ಕಾಕಾ ನನಗ ಕೆಲಸ ಕಲಿಸಿದವರು. ಇವರ ಫೈಲ್ ನನ್ನಕಿಂತ ಮುಂದಿತ್ತು, ಇನ್ನಾ ಅಲ್ಲೇ ಕುಂತದ. ನನಗ ಕೊಟ್ಟೀರಿ, ಇವರಿಗೀ ಕೊಡ್ರಿ." ಎಂದವಳೇ ಅವರ ಹೆಸರನ್ನೂ ಊರನ್ನೂ ಗಟ್ಟಿಯಾಗಿ ಹೇಳಿದಳು.

ಕಾಕಾ ಕ್ಯಾಮೆರಾಕ್ಕೆ ಕೈಮುಗಿದರು.

ವೇದಿಕೆ ಇಳಿದ ಕೂಡಲೇ ಸಾಹೇಬರು ನನ್ನನ್ನು ಪಕ್ಕಕ್ಕೆ ಕರೆದರು. ಅವರ ಹಣೆ ಬೆವೆತಿತ್ತು. "ನೀವು ಓದಿದವರು, ನಿಮಗರ ತಿಳೀಬೇಕಿತ್ತು. ತಾಟು ಮಾಡೋರಲ್ಲ ಅಂತ ಟಿವಿಯಾಗ ಬಂದ್ರ ತಾಟಿನ ಸಹಾಯಧನ ಹ್ಯಾಂಗ ಕೊಡ್ಲಿ? ಇವತ್ತು ಸಂಜಿಕಿ ಸುದ್ದಿ ಬಂತಂದ್ರ ನಾಳಿ ಆದೇಶ ತಡೀಲಿಕ್ಕೇ ಬೇಕಾಗ್ತದ."

ಆರು ಜನರ ಮುಖ ನನ್ನ ಕಣ್ಣ ಮುಂದೆ ಬಂತು. ಕೆಮ್ಮುವ ಆ ಮಷೀನು ಬಂತು. ಅಕ್ಕ ಶಹಾಬಾದಿನಲ್ಲಿ ಯಾರದೋ ಶೆಡ್ಡಿನಲ್ಲಿ ಕೂಲಿಗೆ ನಿಂತದ್ದೂ ಬಂತು. ನಾನು ಸಭಾಭವನದ ಹಿಂದೆ ಹೋಗಿ ವಿದ್ಯಾರ್ಥಿಗೆ ಫೋನು ಮಾಡಿದೆ.

"ಟೀಚರ್! ಎಂಥಾ ಮಾತು ಹೇಳಿದ್ರು ಅಕ್ಕಾರು! ಈ ಸಲ ಪೂರಾ ಹಾಕ್ತೀನ್ರಿ, ಒಂದು ಅಕ್ಷರ ಕತ್ತರಸಂಗಿಲ್ಲ."

"ಕತ್ತರಸು," ಎಂದೆ.

"ನೀವೇ ಹೇಳ್ತೀರೇನ್ರಿ ಟೀಚರ್?"

"ಹೌದಪ್ಪ, ನಾನೇ ಹೇಳಾಕತ್ತೀನಿ. ಖುಷಿ ಆಗ್ಯಾದ ಅಂದಳಲ್ಲ, ಅಷ್ಟಕ್ಕೇ ನಿಲ್ಸು."

ಸಂಜೆ ಅಕ್ಕನ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೆಲಸದವರು, ಅವರ ಮನೆಯವರು, ದಂಡೋತಿಯಿಂದ ಬಂದ ಭಾವನ ಅಕ್ಕ, ಎಲ್ಲರೂ. ಎಲ್ಲರಿಗಿಂತ ಮುಂದೆ, ಟಿವಿಗೆ ಮೂರು ಗೇಣು ದೂರದಲ್ಲಿ, ಅದೇ ಬಿಳಿ ಅಂಗಿಯಲ್ಲಿ ಕಾಕಾ. ಗಣ್ಯರ ಕೈಯಿಂದ ತಾಟು ಜಾರುವುದು ಬಂದಾಗ ಮನೆ ಹಾರಿಹೋಗುವಷ್ಟು ನಗು. ಅಕ್ಕ ಪತ್ರ ಹಿಡಿದು "ಭಾಳ ಖುಷಿ ಆಗ್ಯಾದ್ರಿ" ಎಂದದ್ದಕ್ಕೆ ಸಿಳ್ಳೆ. ಅಲ್ಲಿಗೆ ಮುಗಿಯಿತು. ಸಾಬೂನಿನ ಜಾಹೀರಾತು ಶುರುವಾಯಿತು. ಮಷೀನು ಬಂದ ಹಾಗೆಯೇ ಎಂದು ಕೆಲಸದವರ ಮನೆಯ ಹುಡುಗಿಯರು ಕುಣಿದರು, ಯಾರೋ ಪೇಢೆ ಹಂಚಿದರು. ನನ್ನ ಎದೆಯ ಮೇಲಿನ ಭಾರ ಇಳಿದು ನಾನೂ ಎರಡು ತಿಂದೆ.

ಕಾಕಾ ಪೇಢೆಯನ್ನು ಕೈಯಲ್ಲೇ ಹಿಡಿದು ಕೂತಿದ್ದರು. ಯಾರೋ ಟಿವಿ ಬಂದ್ ಮಾಡಲು ಎದ್ದರು.

"ತಡೀರಿ, ತಡೀರಿ," ಎಂದರು ಕಾಕಾ. "ಇನ್ನಾ ಅದ. ನನ್ನ ಹೆಸರು ಹೇಳ್ಯಾಳ ಆಕಿ, ಈಗ ಬರ್ತದ."

ಜಾಹೀರಾತು ಮುಗಿದು ಹವಾಮಾನ ಬಂತು. ಅಕ್ಕ ಎದ್ದು ಹೋಗಿ ಟಿವಿಯ ಧ್ವನಿಯನ್ನು ಸ್ವಲ್ಪ ಜಾಸ್ತಿ ಮಾಡಿ ಕಾಕಾನ ಪಕ್ಕದಲ್ಲಿ ಕೂತಳು. ನಾನು ಎಲ್ಲರಿಗೂ ಚಹಾ ಇಡುತ್ತೇನೆಂದು ಒಳಗೆ ಹೋದೆ.